ಎರಡನೇ ಕಿಟಕಿಯ ಬಿಲ್ಲೆ

2007ರ ಅಕ್ಟೋಬರ್ 14, ಭಾನುವಾರ, ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ಸುಷ್ಮಿತಾ ಏಳು ಸಾಲು ಅಳಿಸಿದಳು.

ಅಳಿಸಿದ್ದು ಹೊಸಪೇಟೆಯ ಟ್ಯುಟೋರಿಯಲ್ ಒಂದರ ಕಂಪ್ಯೂಟರಿನಲ್ಲಿ. ವಾರದ ಆರು ದಿನ ಅವಳು ಅಲ್ಲಿ ಪಿಯುಸಿ ಹುಡುಗರಿಗೆ ಗಣಿತ ಹೇಳುತ್ತಿದ್ದಳು. ಭಾನುವಾರ ಮಾಲೀಕರು ಬೀಗದಕೈಯನ್ನು ಅವಳಿಗೇ ಕೊಟ್ಟು ಊರಿಗೆ ಹೋಗುತ್ತಿದ್ದರು. ಮಲಪನಗುಡಿಯ ಅವಳ ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ಇದ್ದದ್ದು ತಾಯಿ ಎರ್ರಮ್ಮ, ಎರಡು ಎಮ್ಮೆ, ಮತ್ತು ಅಂಚೆಯಲ್ಲಿ ಬಂದ ಹದಿನಾರು ಪುಸ್ತಿಕೆಗಳು.

ಆ ಪುಸ್ತಿಕೆಗಳು ದೂರಶಿಕ್ಷಣದ ಡಿಪ್ಲೊಮಾದವು. ವಿಷಯ ಹಣಕಾಸು ಗಣಿತ ಮತ್ತು ವಿಮಾ ಗಣಿತ. ಮೂವತ್ತು ವರ್ಷದ ಸಾವಿರ ಗಂಡಸರಿದ್ದರೆ ಮುಂದಿನ ಒಂದು ವರ್ಷದಲ್ಲಿ ಅವರಲ್ಲಿ ಎಷ್ಟು ಜನ ಸಾಯುತ್ತಾರೆ, ನಲವತ್ತರವರಾದರೆ ಎಷ್ಟು, ಐವತ್ತರವರಾದರೆ ಎಷ್ಟು ಎಂದು ಪಟ್ಟಿ ಕಟ್ಟುವ ವಿದ್ಯೆ ಅದು. ಯಾರು ಸಾಯುತ್ತಾರೆ ಎಂದು ಅದು ಹೇಳುವುದಿಲ್ಲ, ಎಷ್ಟು ಮಂದಿ ಎಂದಷ್ಟೇ ಹೇಳುತ್ತದೆ. ಮೊದಲ ಪುಸ್ತಿಕೆಯ ಮೊದಲ ಪುಟದಲ್ಲೇ ಹಾಗೆಂದು ಬರೆದಿತ್ತು. ಸುಷ್ಮಿತಾ ಅದರ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದಳು. ಅವಳಿಗೆ ಆಗ ಇಪ್ಪತ್ತೇಳು ವರ್ಷ.

ಎರಡನೇ ವರ್ಷಕ್ಕೆ ಒಂದು ಪ್ರಾಜೆಕ್ಟ್ ಬರೆಯಬೇಕಿತ್ತು. ಯಾವುದಾದರೂ ಒಂದು ಕೆಲಸದ ಜಾಗದ ಮರಣ ದರವನ್ನು ಅಲ್ಲಿಯ ನಿಜವಾದ ಪಟ್ಟಿಯಿಂದಲೇ ಲೆಕ್ಕ ಹಾಕಬೇಕು. ಕಾಲೇಜಿನಲ್ಲಿ ಜೊತೆಗೆ ಓದಿದ್ದ ಸಿದ್ದಲಿಂಗೇಶ್ ಸಂಡೂರಿನ ಗಣಿಯೊಂದರ ಹಾಜರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದ. ಅದಿರು ತುಂಬುವ ಕಾಂಟ್ರಾಕ್ಟರನ ಪಟ್ಟಿ ಒಂದು, ಸಾಗಿಸುವ ಕಾಂಟ್ರಾಕ್ಟರನದು ಇನ್ನೊಂದು. ಎರಡನ್ನೂ ಸೇರಿಸಿ ಒಂದು ಪೆನ್‌ಡ್ರೈವಿಗೆ ಹಾಕಿ ಕೊಟ್ಟ. ಒಟ್ಟು 412 ಸಾಲು. ಹೆಸರು, ತಂದೆಯ ಹೆಸರು, ಊರು, ಹುಟ್ಟಿದ ದಿನ, ಹಾಜರಿ ಬಿಲ್ಲೆಯ ಸಂಖ್ಯೆ. ಅವಳ ತಮ್ಮ ಅಂಜಿನೇಯ ಅಲ್ಲೇ ಉಳಿದುಕೊಂಡು ಕೆಲಸ ಮಾಡುತ್ತಿದ್ದ, ಅವನ ಸಾಲೂ ಅದರಲ್ಲಿತ್ತು.

ಹುಟ್ಟಿದ ದಿನ ನೋಡಿ ಅವಳಿಗೆ ನಗು ಬಂತು. ಹೆಚ್ಚುಕಡಿಮೆ ಎಲ್ಲರೂ ಜೂನ್ ಒಂದರಂದೇ ಹುಟ್ಟಿದ್ದರು. ಮಗುವನ್ನು ಒಂದನೇ ತರಗತಿಗೆ ಸೇರಿಸಲು ಬಂದ ತಾಯಿಗೆ ತಾರೀಖು ನೆನಪಿಲ್ಲದಿದ್ದರೆ ಹೆಡ್‌ಮಾಸ್ತರು ಜೂನ್ ಒಂದು ಎಂದು ಬರೆದುಕೊಳ್ಳುತ್ತಾರೆ. ಈ ಭಾಗದಲ್ಲಿ ಅದೇ ಪದ್ಧತಿ. ಸುಷ್ಮಿತಾಳ ಅಂಕಪಟ್ಟಿಯಲ್ಲೂ ಅದೇ ಇದೆ. ಹೀಗಾಗಿ ಇಸವಿಯ ಪ್ರಕಾರ ಹಿರಿಯರಿಂದ ಕಿರಿಯರಿಗೆ ಪಟ್ಟಿಯನ್ನು ಜೋಡಿಸಿದಾಗ ಒಂದೇ ಹೆಸರು, ಒಂದೇ ತಂದೆ, ಒಂದೇ ಊರು, ಒಂದೇ ಹುಟ್ಟಿದ ದಿನ ಇರುವ ಜೋಡಿ ಸಾಲುಗಳು ಅಲ್ಲಲ್ಲಿ ಕಂಡವು. ಬಿಲ್ಲೆ ಸಂಖ್ಯೆ ಮಾತ್ರ ಬೇರೆ. ಅಂಥವು ಏಳು ಜೋಡಿ. ನಾಲ್ಕನೆಯದು ಅಂಜಿನೇಯನದು.

‘ಸಿದ್ದಲಿಂಗೇಶ್ ಪಟ್ಟಿ ಸೇರಿಸುವಾಗ ಎಡವಿದ್ದಾನೆ’ ಅಂದುಕೊಂಡಳು. ಹೆಸರು ಎರಡು ಸಲ ಬಂದಿದ್ದರೆ ಒಂದನ್ನು ತೆಗೆಯಬೇಕು ಎಂದು ಏಳನೇ ಪುಸ್ತಿಕೆಯಲ್ಲಿ ಒಂದು ಅಧ್ಯಾಯವೇ ಇತ್ತು. ಮೇಲಿನಿಂದ ಕೆಳಗೆ ಬಂದು, ಪ್ರತಿ ಜೋಡಿಯಲ್ಲೂ ಎರಡನೇ ಸಾಲನ್ನು ಅಳಿಸಿದಳು. ಗಾಳೆಪ್ಪ. ಮಲ್ಲೇಶ್. ಹುಲುಗಪ್ಪ. ಅಂಜಿನೇಯ. ಆಮೇಲೆ ಇನ್ನೂ ಕಿರಿಯರಾದ ಮೂವರು. ಅಳಿಸಿದ್ದನ್ನು ಬರೆದಿಡಬೇಕೆಂಬ ನಿಯಮವೂ ಇದ್ದುದರಿಂದ ಏಳೂ ಹೆಸರನ್ನು ಬಿಲ್ಲೆ ಸಂಖ್ಯೆಯ ಸಮೇತ ಅದೇ ಕ್ರಮದಲ್ಲಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಉಳಿದದ್ದು 405. ಬೀಗ ಹಾಕಿಕೊಂಡು ಮನೆಗೆ ಹೋದಳು.

ನವೆಂಬರ್ ಎರಡರಂದು ಸಿದ್ದಲಿಂಗೇಶನ ಫೋನ್ ಬಂತು.

“ಏನ್ ಮೇಡಂ, ಪೆನ್ನು ಹಿಡಕೊಳ್ರಿ. ನಿಮ್ಮ ಲೆಕ್ಕಕ್ಕ ಒಂದು ಸಿಕ್ತು.”

“ಹಂಗ ಮಾತಾಡಬ್ಯಾಡೋ. ಯಾರು?”

“ಬಿಲ್ಲೆ ನಂಬರ್ ಟಿ 118. ಘಾಟಿ ತಿರುವಿನಾಗ ಟಿಪ್ಪರ್ ಸೀದಾ ಹೋಗಿ ಮರಕ್ಕ ಹೊಡದೈತಿ. ಬ್ರೇಕ್ ಒತ್ತೇ ಇಲ್ಲ ಅಂತಾರ.”

ಅವಳು ಸಾಲನ್ನು ಗುರುತು ಮಾಡಲೆಂದು ಟಿ 118 ಎಂದು ಬರೆದು ಹುಡುಕಿಸಿದಳು. ಅಂಥದ್ದು ಇಲ್ಲವೆಂದು ಕಂಪ್ಯೂಟರ್ ಹೇಳಿತು. ಮತ್ತೊಮ್ಮೆ ಹುಡುಕಿಸಿದಳು, ಇಲ್ಲ. ನೋಟ್‌ಬುಕ್ ತೆಗೆದು ನೋಡಿದಾಗ ಆ ಸಂಖ್ಯೆ ಅಳಿಸಿದವುಗಳಲ್ಲಿ ಮೊದಲನೆಯದಾಗಿತ್ತು. ಗಾಳೆಪ್ಪನ ಇನ್ನೊಂದು ಸಾಲು, ಎಲ್ 40, ಹಾಳೆಯಲ್ಲಿ ಹಾಗೇ ಇತ್ತು, ಅದರಲ್ಲಿ ಅವನು ಬದುಕಿದ್ದ. ಅಳಿಸುವಾಗ ತಪ್ಪು ಸಾಲು ಆರಿಸಿಕೊಂಡೆ, ಅಷ್ಟೇ ಎಂದು ಅವಳು ಸಮಾಧಾನ ಮಾಡಿಕೊಂಡಳು.

ನವೆಂಬರ್ ಇಪ್ಪತ್ತೆಂಟರಂದು ಟಿ 131. ಬೆಳಗಿನ ಜಾವ ಅದಿರು ರಾಶಿ ಹಾಕುವ ಸ್ಟಾಕ್‌ಯಾರ್ಡಿನಲ್ಲಿ ನಿಂತಿದ್ದ ಟಿಪ್ಪರಿನ ಅಡಿಯಲ್ಲಿ ಒಬ್ಬ ಮಲಗಿದ್ದ. ಅದು ಗೊತ್ತಿಲ್ಲದೆ ಇನ್ನೊಬ್ಬ ಗಾಡಿಯನ್ನು ಹಿಂದಕ್ಕೆ ತೆಗೆದ. ಸತ್ತವನು ಮಲ್ಲೇಶ್. ಈ ಬಾರಿ ಅವಳು ಕಂಪ್ಯೂಟರಿನಲ್ಲಿ ಹುಡುಕಲಿಲ್ಲ, ನೇರವಾಗಿ ನೋಟ್‌ಬುಕ್ ತೆಗೆದಳು. ಎರಡನೇ ಹೆಸರು.

ಡಿಸೆಂಬರ್ ಇಪ್ಪತ್ತರಂದು ಟಿ 147. ಅಪಘಾತವೂ ಅಲ್ಲ. ಬೆಳಿಗ್ಗೆ ಐದೂವರೆಗೆ ಕ್ಯಾಂಟೀನಿನ ಬೆಂಚಿನ ಮೇಲೆ ಚಹಾ ಹಿಡಿದು ಕುಳಿತ ಹುಲುಗಪ್ಪ ಮತ್ತೆ ಏಳಲಿಲ್ಲ. ಎದೆನೋವು ಎಂದರು.

“ಲೋಟ ಕೈಯಾಗ ಹಂಗ ಇತ್ತಂತ ಮೇಡಂ. ಚಹಾ ಚೆಲ್ಲಿರಲಿಲ್ಲ. ಪಕ್ಕದಾಗ ಕುಂತಾವ ಇವನ ಜೋಡಿ ಐದು ನಿಮಿಷ ಮಾತಾಡ್ಯಾನ.” ಸಿದ್ದಲಿಂಗೇಶ್ ಫೋನಿನಲ್ಲಿ ಹೇಳಿದ.

ಮೂರು ಸಾವು, ಮೂರು ಬೇರೆ ಬೇರೆ ಕಾರಣ, ಮೂರು ಬೇರೆ ಜಾಗ. ಅವಳ ಹಾಳೆಯಲ್ಲಿ ಮಾತ್ರ ಯಾರೂ ಸತ್ತಿರಲಿಲ್ಲ. 405 ಮಂದಿ, ಸಾವು ಸೊನ್ನೆ, ಮರಣ ದರ ಸೊನ್ನೆ.

ಅವಳು ಹೆದರುವ ಹೆಂಗಸಲ್ಲ. ಹೆದರಿಕೆ ಬಂದರೆ ಅದನ್ನೂ ಲೆಕ್ಕಕ್ಕೆ ಹಾಕುವವಳು. 405 ಜನರಲ್ಲಿ ಮೂವರು ಸತ್ತಾಗ ಆ ಮೂವರೂ ತಾನು ಗುರುತಿಟ್ಟ ಏಳು ಜನರೊಳಗೇ ಇರುವ ಸಂಭವ ಎಷ್ಟು? ಮೂರು ಲಕ್ಷ ಹದಿನಾಲ್ಕು ಸಾವಿರಕ್ಕೆ ಒಂದು. ಪಟ್ಟಿಯ ಮೊದಲ ಮೂವರೇ ಆಗಿ, ಅದೇ ಕ್ರಮದಲ್ಲಿ ಸಾಯುವ ಸಂಭವ? ಆರೂವರೆ ಕೋಟಿಗೂ ಮೇಲೆ ಒಂದು. ಕ್ರಮಕ್ಕೆ ಒಂದು ಸಬೂಬು ಹುಡುಕಿದಳು: ಪಟ್ಟಿ ವಯಸ್ಸಿನ ಪ್ರಕಾರ ಇದೆ, ಹಿರಿಯರು ಮೊದಲು ಸತ್ತರು, ಅದರಲ್ಲೇನು? ಆದರೆ ಹಾಳೆಯಲ್ಲಿ ಹುಲುಗಪ್ಪನಿಗಿಂತ ಹಿರಿಯರು ನೂರಾರು ಜನ ಇದ್ದರು. ಅವರಿಗೆ ಏನೂ ಆಗಿರಲಿಲ್ಲ. ನೋಟ್‌ಬುಕ್ಕಿನ ನಾಲ್ಕನೇ ಸಾಲನ್ನು ಅವಳು ಅಂಗೈಯಿಂದ ಮುಚ್ಚಿದಳು. ಟಿ 162, ಅಂಜಿನೇಯ, ತಂದೆ ದಿವಂಗತ ಬಸಪ್ಪ, ಮಲಪನಗುಡಿ.

ಅಳಿಸಿದ ಸಾಲುಗಳನ್ನು ಮತ್ತೆ ಟೈಪ್ ಮಾಡಿ ಹಾಕಿದರೆ? ಹಾಗೆ ಯೋಚಿಸಿದ್ದಕ್ಕೆ ಅವಳಿಗೇ ನಾಚಿಕೆಯಾಯಿತು. ಆದರೂ ಹಾಕಿದಳು. ಅಂಜಿನೇಯನ ಸಾಲನ್ನು ಮೊದಲು ಹಾಕಿದಳು.

ಡಿಸೆಂಬರ್ ಮೂವತ್ತು, ಭಾನುವಾರ, ಅವಳು ಸಂಡೂರಿನ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಲಾರಿಗಳ ಸಾಲು. ಬಸ್ಸಿನವರು ಕಿಟಕಿ ಮುಚ್ಚಿದರೂ ಇಳಿಯುವಷ್ಟರಲ್ಲಿ ಅವಳ ಬಿಳಿ ದುಪಟ್ಟಾ ಕೆಂಪಾಗಿತ್ತು. ಹಾಜರಿ ಕಚೇರಿಯೆಂದರೆ ತಗಡಿನ ಒಂದು ಕೋಣೆ. ಅದಕ್ಕೆ ಎರಡು ಕಿಟಕಿ, ಎರಡರ ನಡುವೆ ನಾಲ್ಕು ಮಾರು ದೂರ. ಹಗಲಿನವರು ಮೊದಲನೆಯದರಲ್ಲಿ, ರಾತ್ರಿಯವರು ಎರಡನೆಯದರಲ್ಲಿ ತಮ್ಮ ತಗಡಿನ ಬಿಲ್ಲೆ ಪಡೆಯುತ್ತಾರೆ. ಕೆಲಸ ಮುಗಿದ ಮೇಲೆ ಅಲ್ಲೇ ವಾಪಸು ಕೊಡುತ್ತಾರೆ.

ಸಂಜೆ ಆರಕ್ಕೆ ಸೈರನ್ ಕೂಗಿತು. ಇಳಿಜಾರಿನಿಂದ ಗಂಡಸರು ಬಂದರು. ಹುಬ್ಬು, ರೆಪ್ಪೆ, ಮೀಸೆ ಎಲ್ಲ ಒಂದೇ ಕೆಂಪು. ಯಾರು ಯಾರೆಂದು ಹೇಳುವಂತಿರಲಿಲ್ಲ. ನಡಿಗೆಯಿಂದ ತಮ್ಮನನ್ನು ಗುರುತಿಸಿದಳು. ಅವನು ಮೊದಲ ಕಿಟಕಿಯಲ್ಲಿ ಬಿಲ್ಲೆ ಕೊಟ್ಟ. ನಲ್ಲಿಯ ಹತ್ತಿರ ಮುಖಕ್ಕೆ ನೀರು ಹಾಕಿಕೊಂಡ. ನಾಲ್ಕು ಮಾರು ನಡೆದು ಎರಡನೇ ಕಿಟಕಿಗೆ ಕೈ ಚಾಚಿದ. ಒಳಗಿನಿಂದ ಇನ್ನೊಂದು ಬಿಲ್ಲೆ ಬಂತು.

ಅವಳಿಗೆ ಅಲ್ಲೇ ಅರ್ಥವಾಯಿತು. ಪಟ್ಟಿಯಲ್ಲಿ ತಪ್ಪೇ ಇರಲಿಲ್ಲ. ಎರಡು ಸಲ ಬರೆದಿದ್ದ ಏಳು ಹೆಸರೂ ಹಗಲು ಎಲ್ ಬಿಲ್ಲೆಯಲ್ಲಿ ಅದಿರು ತುಂಬಿ, ರಾತ್ರಿ ಟಿ ಬಿಲ್ಲೆಯಲ್ಲಿ ಟಿಪ್ಪರ್ ಓಡಿಸುವ ಏಳು ಮನುಷ್ಯರದು. ಇಬ್ಬರು ಕಾಂಟ್ರಾಕ್ಟರುಗಳ ಪಟ್ಟಿಯನ್ನು ಪಕ್ಕಪಕ್ಕ ಇಟ್ಟು ನೋಡಿದವರು ಈವರೆಗೆ ಯಾರೂ ಇರಲಿಲ್ಲ. ನೋಡಿದ ಮೊದಲನೆಯವಳು ತಾನು, ನೋಡಿದ ಕೂಡಲೇ ಮಾಡಿದ ಕೆಲಸ ಅಳಿಸುವುದು.

“ಅಯ್, ಅಕ್ಕಾ! ಯಾಕ ಬಂದಿ? ಅವ್ವ ಆರಾಮ ಅದಾಳಲ್ಲ?”

“ಆರಾಮ ಅದಾಳ. ನೀ ಯಾವಾಗ ಮಲಗ್ತಿಯೋ?”

“ಲೋಡಿಂಗ್ ಲೈನ್‌ನಾಗ.” ಅಂಜಿನೇಯ ನಕ್ಕ. “ಮುಂದಿನ ಗಾಡಿ ಸರಿದ್ರ ಹಿಂದಿನಾವ ಹಾರ್ನ್ ಹೊಡಿತಾನ, ಏಳ್ತೀನಿ. ಮಸ್ತ್ ನಿದ್ದಿ. ನಿನ್ನ ಪುಸ್ತಕ ಓದಿದ್ರ ಬರೋ ನಿದ್ದಿಗಿಂತ ಚಲೋ.”

“ಎಷ್ಟ್ ದಿನದಿಂದ?”

“ದಸರಾಕ್ಕಿಂತ ಮೊದ್ಲಿಂದ. ಇನ್ನೊಂದು ವರ್ಷ ಹಿಂಗ ಹೊಂಟ್ರ ನಂದೇ ಒಂದು ಟಿಪ್ಪರ್ ಅಕ್ಕ. ಆಮ್ಯಾಲ ನಾ ಮಲಗ್ತೀನಿ, ಡ್ರೈವರ್ ಓಡಸ್ತಾನ.”

ಅವಳು ಮೂರು ಹೆಸರು ಹೇಳಿದಳು. ಅವನ ನಗು ನಿಂತಿತು. ಬಿಲ್ಲೆಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದ.

“ಅವರ ಹೆಸರು ಇಲ್ಲಿ ಯಾರೂ ತಗಿಯಂಗಿಲ್ಲ.”

“ನನ್ನ ಪಟ್ಟಿಯಾಗ ನಾಕನೇದು ನಿಂದು.”

“ಯಾವ ಪಟ್ಟಿ? ನಿನ್ನ ಕಂಪ್ಯೂಟರ್ ಜಾತಕ ಹೇಳಾಕ ಶುರು ಮಾಡೇತೇನು? ಕಾಯಿ-ಕರ್ಪೂರ ಇಟ್ಟು ಕೇಳು, ನನಗ ಮದುವಿ ಯಾವಾಗ ಅಂತ.” ಹಾರ್ನ್ ಕೇಳಿತು. ಅವನು ಓಡಿದ. ಓಡುತ್ತಲೇ ತಿರುಗಿ, “ಕಡೀ ಬಸ್ಸು ಏಳೂವರಿಗಿ, ಜಲ್ದಿ ಹೋಗು” ಎಂದ.

ಹೊಸ ವರ್ಷದ ಮೊದಲ ವಾರದಲ್ಲಿ ಸುಷ್ಮಿತಾ ಗಣಿಯ ಸುರಕ್ಷಾ ಅಧಿಕಾರಿಗೆ ಎರಡು ಪುಟದ ಪತ್ರ ಬರೆದಳು. ಭಾವನೆ ಹಾಕಲಿಲ್ಲ. ಏಳು ಜೋಡಿ ಸಾಲು, ಮೂರು ಸಾವಿನ ತಾರೀಖು, ಸಂಭವದ ಲೆಕ್ಕ, ಉಳಿದ ನಾಲ್ವರ ಹೆಸರು, ಅವರನ್ನು ಎರಡನೇ ಪಾಳಿಯಿಂದ ಬಿಡಿಸಬೇಕೆಂಬ ಕೋರಿಕೆ. ಅಂಚೆಗೆ ಹಾಕಲಿಲ್ಲ. ಸಿದ್ದಲಿಂಗೇಶನೇ ಒಯ್ದು ಮೇಜಿನ ಮೇಲಿಟ್ಟು ಬಂದ.

ಜನವರಿ ಇಪ್ಪತ್ತೊಂದಕ್ಕೆ ಅವನು ಟ್ಯುಟೋರಿಯಲ್‌ಗೆ ಬಂದ, ಕೈಯಲ್ಲಿ ಹೊಸ ಪಟ್ಟಿಯ ಪೆನ್‌ಡ್ರೈವ್.

“ಸಾಹೇಬ್ರು ಇಬ್ರೂ ಕಾಂಟ್ರಾಕ್ಟರನ್ನ ಕರಸಿ ಬೆವರಿಳಿಸಿದ್ರು. ಈಗ ನೋಡ್ರಿ, ಒಂದೂ ಡಬಲ್ ಇಲ್ಲ. ನಿಮ್ಮ ಒಂದು ಪತ್ರಕ್ಕ ಇಷ್ಟು ಆತು. ಒಂದು ಚಹಾನಾರ ಕುಡಸ್ರಿ.”

ಅವಳು ಚಹಾ ತರಿಸಿದಳು. ಅವನು ಹೋದ ಮೇಲೆ ಪಟ್ಟಿಯನ್ನು ಜೋಡಿಸಿ ನೋಡಿದಳು. ನಿಜ, ಯಾವ ಹೆಸರೂ ಎರಡು ಸಲ ಇರಲಿಲ್ಲ. ಎದೆ ಹಗುರಾಯಿತು. ಸುಮ್ಮನೆ, ಬಿಡಲಾರದ ಅಭ್ಯಾಸದಿಂದ, ಟಿ 162 ಹುಡುಕಿಸಿದಳು. ಸಿಗಬಾರದಿತ್ತು. ಸಿಕ್ಕಿತು. ಹನುಮೇಶ, ತಂದೆ ರಾಮಣ್ಣ, ಸಂಡೂರು, ಹುಟ್ಟಿದ್ದು ಜೂನ್ ಒಂದು, 1983. ಅಂಜಿನೇಯನ ಇಸವಿಯೇ. ಉಳಿದ ಮೂರು ಬಿಲ್ಲೆಗಳ ಎದುರಿಗೂ ಅವಳು ಎಂದೂ ಕೇಳದ ಹೆಸರುಗಳಿದ್ದವು. ವಯಸ್ಸು ಮಾತ್ರ ಹಳೆಯವೇ.

ತಮ್ಮನಿಗೆ ಫೋನ್ ಮಾಡಿದಳು. “ರಾತ್ರಿ ನಿನ್ನ ಹೆಸರೇನಲೇ?”

ಆ ಕಡೆಯಿಂದ ದೊಡ್ಡ ನಗು. “ಗೊತ್ತಾತೇನು? ಹನುಮೇಶ. ಕಾಂಟ್ರಾಕ್ಟರ್ ದೊಡ್ಡ ಭಕ್ತ ಅಕ್ಕ. ದೇವ್ರನ್ನ ಬದಲಿ ಮಾಡಿಲ್ಲ, ಹೆಸರಷ್ಟ ಬದಲಿ ಮಾಡ್ಯಾನ.”

ಅಂದರೆ ಏನೂ ನಿಂತಿರಲಿಲ್ಲ. ಮೊದಲು ಹೆಸರಾದರೂ ನಿಜವಿತ್ತು. ಈಗ ಅವನಿಗೆ ಏನಾದರೂ ಆದರೆ ಯಾವ ಪಟ್ಟಿಯಲ್ಲೂ ಅವನಿಗೆ ಏನೂ ಆಗಿರುವುದಿಲ್ಲ. ಹಾಗೆ ಮಾಡಿದ್ದು ತನ್ನ ಪತ್ರ.

ಅಂದು ಮನೆಗೆ ಹೋಗಿ ಅವಳು ತಾಯಿಗೆ ಎಲ್ಲ ಹೇಳಿದಳು. ಎರ್ರಮ್ಮನಿಗೆ ಸಂಭವದ ಲೆಕ್ಕ ಬೇಕಾಗಲಿಲ್ಲ. ಅವಳು ಕೇಳಿದ್ದು ಒಂದೇ ಪ್ರಶ್ನೆ.

“ಯಾವ ಹೆಸರು ಇಟ್ಟಾರಂದಿ?”

“ಹನುಮೇಶ. ತಂದೆ ರಾಮಣ್ಣ.”

“ಅಪ್ಪನ್ನೂ ಬದಲಿ ಮಾಡ್ಯಾರ?” ಎರ್ರಮ್ಮ ಹಾಲಿನ ಚೊಂಬನ್ನು ಕೆಳಗಿಟ್ಟಳು. “ಭಾನುವಾರ ಹೋಗೋಣು.”

ಇಪ್ಪತ್ತೇಳರ ಸಂಜೆ ಐದೂಮುಕ್ಕಾಲಿಗೆ ಎರ್ರಮ್ಮ ಎರಡನೇ ಕಿಟಕಿಯ ಮುಂದೆ ಜಮಖಾನ ಹಾಸಿ ಕುಳಿತಳು. ಸೈರನ್ ಆಯಿತು. ಸಾಲು ಅವಳ ಹಿಂದೆ ನಿಂತು ಬೆಳೆಯತೊಡಗಿತು. ರಾತ್ರಿ ಪಾಳಿಯ ಬೇರೊಬ್ಬ ಗುಮಾಸ್ತ ಕಿಟಕಿಯಿಂದ ತಲೆ ಹೊರಗೆ ಹಾಕಿದ.

“ಏಳ್ರಿ ದೊಡ್ಡಮ್ಮ, ಇದು ಕುಂದ್ರೋ ಜಾಗಲ್ಲ.”

“ಹನುಮೇಶ ಯಾರಪಾ ಇಲ್ಲಿ?”

“ಅದಾನ ಒಬ್ಬಾವ. ಯಾಕ್ರಿ?”

“ಅವನ್ನ ಹಡದಾಕಿನ್ನ ಕರಸು. ನೋಡ್ತೀನಿ.” ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಎರ್ರಮ್ಮ ದನಿ ಏರಿಸಲಿಲ್ಲ. “ನನ್ನ ಮಗಗ ನಾ ಒಂದು ಹೆಸರಿಟ್ಟೀನಿ. ಅದಕ್ಕೊಂದು ಬಿಲ್ಲೆ, ಆ ಕಿಟಕ್ಯಾಗ ಐತಿ. ನೀ ಇಟ್ಟ ಹೆಸರಿನಾವ ಬಂದು ಗಾಡಿ ಹತ್ತಲಿ. ನನ್ನ ಮಗ ಹತ್ತಂಗಿಲ್ಲ.”

ಅಂಜಿನೇಯ ಸಾಲಿನಿಂದ ಮುಂದೆ ಬಂದ. ಕೆಂಪು ಧೂಳಿನಡಿಯಲ್ಲೂ ಮುಖ ಸಣ್ಣದಾದದ್ದು ಕಾಣುತ್ತಿತ್ತು. “ಅವ್ವಾ, ಏಳು, ಮಾನ ತಗಿಬ್ಯಾಡ. ಎಲ್ಲಾರೂ ನೋಡಾಕತ್ಯಾರ.”

“ನೋಡ್ಲಿ. ಬ್ಯಾರೆ ಹೆಸರಿನ್ಯಾಗ ಸತ್ರ ಯಾರು ನೋಡ್ತಾರ?”

ಯಾರೂ ನಗಲಿಲ್ಲ. ಸಾಲಿನಲ್ಲಿದ್ದ ಇಬ್ಬರು ನೆಲ ನೋಡಿದರು. ಅಂಜಿನೇಯ ಕಿಟಕಿಗೆ ಬಾಗಿ ತಗ್ಗಿದ ದನಿಯಲ್ಲಿ, “ಇವತ್ತಿಂದ ನಾ ರಾತ್ರಿ ಬರಂಗಿಲ್ಲ, ಇನ್ನೊಬ್ಬರಿಗೆ ಕೊಡ್ರಿ” ಎಂದ. ತಾಯಿಯ ಜಮಖಾನವನ್ನು ತಾನೇ ಮಡಚಿ ಹೆಗಲಿಗೆ ಹಾಕಿಕೊಂಡ.

ಸುಷ್ಮಿತಾ ಆ ಮಾತು ಕೇಳಿದಾಗ ಕಿಟಕಿಯ ಪಕ್ಕದಲ್ಲೇ ಇದ್ದಳು. ಗುಮಾಸ್ತ ಮೊಳೆಯಿಂದ ಟಿ 162ನ್ನು ತೆಗೆದ. ಆಚೀಚೆ ನೋಡಿದ. ಕೆಲಸ ಕೇಳಿಕೊಂಡು ಬಂದು ಗೋಡೆಗೆ ಒರಗಿ ನಿಂತಿದ್ದ ನಾಲ್ಕೈದು ಜನರಲ್ಲಿ ಒಬ್ಬನನ್ನು ಕರೆದ. ನಲವತ್ತು ದಾಟಿದ ಮನುಷ್ಯ, ತಲೆಗೆ ಟವೆಲ್, ಬಟ್ಟೆ ಇನ್ನೂ ಬಿಳಿ.

“ಲೈಸನ್ಸ್ ಐತೇನು?”

“ಐತ್ರಿ.”

“ಹಗಲೆಲ್ಲ ಏನು ಮಾಡ್ತಿ?”

“ಹಗಲು ಇನ್ನೊಂದು ಕಡೆ ಲೋಡಿಂಗ್ ಹೋಗ್ತೀನ್ರಿ.”

“ತಗೋ. ಯಾರಾರ ಕೇಳಿದ್ರ ಹೆಸರು ಹನುಮೇಶ, ತಂದಿ ರಾಮಣ್ಣ.”

ಆ ಮನುಷ್ಯ ಬಿಲ್ಲೆ ತೆಗೆದುಕೊಂಡ. ಮರೆಯಬಾರದೆಂದು ಬಾಯೊಳಗೇ ಎರಡು ಸಲ ಹೇಳಿಕೊಂಡ. “ಹನುಮೇಶ. ರಾಮಣ್ಣ.” ಸುಷ್ಮಿತಾಳ ಬಾಯಿ ತೆರೆಯಿತು. ಏನು ಹೇಳಬೇಕು? ನಾಲ್ಕನೇ ಸಾಲು, ಆರೂವರೆ ಕೋಟಿಗೆ ಒಂದು, ನೋಟ್‌ಬುಕ್ಕು? ನಿಮ್ಮ ನಿಜವಾದ ಹೆಸರೇನು ಎಂದು ಕೇಳಬಹುದಿತ್ತು. ಅಷ್ಟರಲ್ಲಿ ಎರ್ರಮ್ಮ ಅವಳ ಕೈ ಹಿಡಿದೆಳೆದಳು. “ನಡಿಯಲೇ ಸುಷ್ಮಿ, ಅವ ಮನಸ್ಸು ಬದಲಿ ಮಾಡೂದ್ರೊಳಗ ಬಸ್ ಹತ್ತೋಣು.” ತಿರುಗಿ ನೋಡಿದಾಗ ಆ ಮನುಷ್ಯ ಟಿಪ್ಪರ್ ಏರುತ್ತಿದ್ದ. ಹತ್ತುವ ಮುಂಚೆ ಮೆಟ್ಟಿಲು ಮುಟ್ಟಿ ಕಣ್ಣಿಗೊತ್ತಿಕೊಂಡ.

ಬಸ್ಸಿನಲ್ಲಿ ಅಂಜಿನೇಯ ಕುಳಿತ ಎರಡೇ ನಿಮಿಷಕ್ಕೆ ಮಲಗಿಬಿಟ್ಟ. ಹೊಸಪೇಟೆಯಲ್ಲಿ ಎಬ್ಬಿಸಿದರೆ ಏಳಲಿಲ್ಲ. ಸುಷ್ಮಿತಾ ಅವನ ಮೂಗಿನ ಕೆಳಗೆ ಬೆರಳಿಟ್ಟು ನೋಡಿದಳು. ಉಸಿರು ಬೆಚ್ಚಗಿತ್ತು. ಕಂಡಕ್ಟರ್ ಭುಜ ಹಿಡಿದು ಅಲುಗಾಡಿಸಿದ ಮೇಲೆ ಎದ್ದು, “ಗಾಡಿ ಸರೀತೇನು?” ಎಂದ. ಮನೆಯಲ್ಲಿ ಮರುದಿನ ಸಂಜೆಯವರೆಗೆ ಮಲಗಿದ. ಮೂರು ದಿನಗಳ ನಂತರ ಹಗಲು ಪಾಳಿಗೆ ವಾಪಸಾದ, ಆಮೇಲೆ ಪ್ರತಿ ಸಂಜೆ ಏಳಕ್ಕೆ ತಪ್ಪದೆ ಅಕ್ಕನಿಗೆ ಮಿಸ್ಡ್ ಕಾಲ್ ಕೊಡುತ್ತಿದ್ದ.

ಫೆಬ್ರುವರಿ ಒಂಬತ್ತು, ಶನಿವಾರ, ಬೆಳಗಿನ ಜಾವ ನಾಲ್ಕು ಗಂಟೆ ಐವತ್ತು ನಿಮಿಷಕ್ಕೆ ಘಾಟಿಯ ಕೆಳಗಿನ ಸೇತುವೆಯಿಂದ ಟಿಪ್ಪರ್ ಒಂದು ಹಳ್ಳಕ್ಕೆ ಬಿತ್ತು. ಚಾಲಕ ಸ್ಥಳದಲ್ಲೇ ಸತ್ತ. ಜೇಬಿನಲ್ಲಿ ಟಿ 162 ಬಿಲ್ಲೆ ಇತ್ತು. ಪತ್ರಿಕೆಯಲ್ಲಿ ನಾಲ್ಕು ಸಾಲಿನ ಸುದ್ದಿ ಬಂತು: ಹನುಮೇಶ (24), ಸಂಡೂರು. ಸಂಡೂರಿನಲ್ಲಿ ರಾಮಣ್ಣನ ಮಗ ಹನುಮೇಶ ಎಂಬವನನ್ನು ಪೊಲೀಸರು ಎರಡು ದಿನ ಹುಡುಕಿದರು. ಅಂಥವರು ಯಾರೂ ಇರಲಿಲ್ಲ. ಇಪ್ಪತ್ತನಾಲ್ಕರ ಹುಡುಗನಿಗೆ ಇಷ್ಟು ನರೆತ ಕೂದಲು ಹೇಗೆ ಎಂದು ಒಬ್ಬ ಪೇದೆ ಕೇಳಿದನಂತೆ. ಕಾಂಟ್ರಾಕ್ಟರನ ಕಡೆಯವರು ಪಟ್ಟಿ ತೋರಿಸಿದರು.

ಸೋಮವಾರ ಸುಷ್ಮಿತಾ ಠಾಣೆಗೆ ಹೋಗಿ, ಸತ್ತವನು ಹನುಮೇಶ ಅಲ್ಲ ಎಂದು ಬರೆದುಕೊಟ್ಟಳು. ಹಾಗಾದರೆ ಯಾರು ಎಂದು ಕೇಳಿದರು. ಗೊತ್ತಿಲ್ಲ ಎಂದಳು.

ಶವ ಮೂರು ದಿನ ಶವಾಗಾರದಲ್ಲಿತ್ತು. ನಾಲ್ಕನೇ ದಿನ, ಫೆಬ್ರುವರಿ ಹನ್ನೆರಡರ ಬೆಳಿಗ್ಗೆ, ಮೆಟ್ರಿಯಿಂದ ದ್ಯಾಮಕ್ಕ ಎಂಬ ಹೆಂಗಸು ಕಂಪ್ಲಿ ಬಸ್ಸಿನಲ್ಲಿ ಬಂದು ಟವೆಲ್ ನೋಡಿ ಗಂಡನನ್ನು ಗುರುತಿಸಿದಳು. ಅವನ ಹೆಸರು ಜಂಬಯ್ಯ.